ಚೀಲದ ತೂಕ

ದಾವಣಗೆರೆ ಎಪಿಎಂಸಿಯಲ್ಲಿ ನನ್ನದು ತೂಕದ ಕೆಲಸ,
ಇಪ್ಪತ್ತಾರು ವರ್ಷ. ಲೈಸೆನ್ಸು ಅಂಗಿ ಜೇಬಿನಲ್ಲೇ ಇರುತ್ತದೆ,
ಬೆವರಿಗೆ ಅದರ ಮೇಲಿನ ನನ್ನ ಮುಖ ಅಳಿಸಿಹೋಗಿದೆ.

ಈ ಕಡೆ ಮೆಕ್ಕೆಜೋಳ ತಂದವನು, ಆ ಕಡೆ ಕೊಳ್ಳುವವನು.
ಕಾಟಾ ಈಗ ಕರೆಂಟಿನದು, ಕೆಂಪು ಅಂಕಿ ನಡುಗುತ್ತದೆ,
ನಾವು ಅದನ್ನು ಮುಳ್ಳು ಅಂತಲೇ ಅನ್ನುವುದು.
ಮುಳ್ಳು ನಿಲ್ಲುವ ಮೊದಲೇ ಇಬ್ಬರೂ ಕೂಗುತ್ತಾರೆ,
ಒಬ್ಬ ಮೇಲಿನ ಅಂಕಿ, ಒಬ್ಬ ಕೆಳಗಿನದು.
ನಾನು ಕಾಯುತ್ತೇನೆ.
ಕಾದದ್ದಕ್ಕೆ ಇಬ್ಬರಿಂದಲೂ ಬೈಗುಳ.

ಸಂಜೆ ಓಣಿಗೆ ಪಾಲಾಕ್ಷಿ ಬಂದ, ಕಂಕುಳಲ್ಲಿ ಪಟ್ಟಿ.
ಮುರಿಗೆಪ್ಪನ ಮನೆ ಏಳು, ಚಮನ್‌ಸಾಬರ ಮನೆ ಹನ್ನೊಂದು,
ಮಹಡಿ ಮೇಲಿನ ಬಾಡಿಗೆ ಹುಡುಗರಿಗೆ ಇಲ್ಲಿ ಹೆಸರೇ ಇಲ್ಲ.
ಪೆನ್ಸಿಲ್ಲಿನ ತುದಿ ನಾಲಗೆಗೆ ಒತ್ತಿ ನನ್ನ ಹೆಸರಿನ ಹತ್ತಿರ ನಿಂತ:
"ನಿಮ್ದು ಐದು ಓಟು. ಯಾವ ಕಡಿಗೆ ಬರೀಲಿ, ಹಾಲಪ್ಪಣ್ಣ?"
"ನಮ್ಮ ಮನೆ ಸ್ವತಂತ್ರ," ಎಂದೆ. ಸ್ವಲ್ಪ ಗಟ್ಟಿಯಾಗಿಯೇ,
ಎದುರು ಮನೆಗೂ ಕೇಳಲಿ ಅಂತ.
ಅವನು ಐದರ ಮುಂದೆ ಪ್ರಶ್ನೆಯ ಗುರುತು ಹಾಕಿ
ನಕ್ಕ: "ತೇಲೋ ಓಟು ಅನ್ರಿ."

ತೇಲುವುದಂತೆ. ಕುಂದವಾಡ ಕೆರೆಯಲ್ಲಿ ತೇಲುವುದು
ಬೆಂಡು, ಒಂಟಿ ಚಪ್ಪಲಿ, ಹಾಲಿನ ಪ್ಯಾಕೆಟ್ಟು.
ನಿಲ್ಲುವವನು ಒಬ್ಬಂಟಿಯಾದರೆ ಪಕ್ಷೇತರ ಅಂತ ಹೆಸರಿದೆ,
ತೆಂಗಿನಕಾಯಿಯೋ ಸಿಲಿಂಡರೋ ಒಂದು ಗುರುತೂ ಸಿಗುತ್ತದೆ.
ಒಬ್ಬಂಟಿಯಾಗಿ ಒತ್ತುವವನಿಗೆ ಏನನ್ನಬೇಕು?

ಒಳಗೆ ಕೊಟ್ರಮ್ಮ ಮಂಡಕ್ಕಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.
"ನಮ್ಮ ಮನೆ ಅಂದ್ಯಲ್ಲ, ಯಾರನ್ನ ಕೇಳಿ ಅಂದಿ?
ಅವ ಐದು ಕೇಳಿದ, ನೀ ಐದೂ ಒಟ್ಟಿಗೆ ಕಟ್ಟಿಟ್ಟಿ.
ಗಂಟು ಗಂಟೇ. ಕೊಡಲಿಲ್ಲ ಅಷ್ಟೆ.
ನಂದು ಯಾವ ಕಡಿಗೆ ಹೋಗತೈತಿ ಅಂತ
ಮದುವ್ಯಾದಾಗಿಂದ ಒಂದು ಸಲನಾದ್ರೂ ಕೇಳಿಯೇನು?
ಈಗ ಕೇಳಬ್ಯಾಡ. ಹೇಳಂಗಿಲ್ಲ."
ಮೊರದ ಧೂಳು ನನ್ನ ಮುಖಕ್ಕೇ ಬಂತು.

ಆ ರಾತ್ರಿ ಅಶೋಕ ಟಾಕೀಸಿನ ಗೇಟು ದಾಟಿದ
ಗೂಡ್ಸು ಗಾಡಿಯ ಡಬ್ಬಿಗಳನ್ನು ಮಲಗಿದಲ್ಲಿಂದಲೇ ಎಣಿಸಿದೆ.
ಆಮೇಲೆ ಹಳೆಯ ಓಟುಗಳನ್ನು.

ಮೊದಲನೆಯದು ಅಪ್ಪ ಹೇಳಿದ್ದಕ್ಕೆ.
ಅಪ್ಪನಿಗೆ ಮಿಲ್ಲಿನ ಮೇಸ್ತ್ರಿ ಹೇಳಿದ್ದ.
ಎರಡನೆಯದು ನಮ್ಮ ಜನದವನು ಅಂತ. ಗೆದ್ದ ಮೇಲೆ
ಅವನ ಗೇಟು ಕಾಯುವವನೂ ನಮ್ಮ ಜನದವನೇ, ಒಳಗೆ ಬಿಡಲಿಲ್ಲ.
ಒಂದನ್ನು ಚರಂಡಿಗೆ ಹಾಕಿದೆ.
ಚರಂಡಿ ಆಯಿತು, ಸುಳ್ಳು ಹೇಳಬಾರದು.
ಕಳೆದ ಸಲದ್ದು ಸಿಟ್ಟಿಗೆ. ಇವನಿಗೆ ಬುದ್ಧಿ ಬರಲಿ ಅಂತ ಅವನಿಗೆ ಒತ್ತಿದೆ,
ಅವನ ಹೆಸರನ್ನೂ ಪೂರ್ತಿ ಓದದೆ.
ಯಾರ ಹಂಗೂ ಇಲ್ಲ ಅಂತ ಬೀಗುತ್ತಾ ಮನೆಗೆ ಬಂದೆ.
ಸಿಟ್ಟೂ ಒಂದು ಪಾರ್ಟಿ. ಬಾವುಟ ಇಲ್ಲ, ಅಷ್ಟೆ.

ಯಾರ್ಡಿನಲ್ಲಿ ತೂಗಿದ ಮೇಲೆ ಚೀಲದ ತೂಕ ಕಳೆಯುತ್ತೇವೆ.
ಗೋಣಿಗೆ ಇಷ್ಟು, ಪ್ಲಾಸ್ಟಿಕ್ಕಿಗೆ ಇಷ್ಟು, ನೆನೆದಿದ್ದರೆ ಇನ್ನಷ್ಟು.
ಚೀಲವಿಲ್ಲದೆ ಕಾಳು ನಿಲ್ಲುವುದಿಲ್ಲ,
ಚೀಲವನ್ನೇ ಕಾಳು ಅಂತ ಮಾರುವ ಹಾಗೂ ಇಲ್ಲ.
ನನ್ನ ಓಣಿ, ನನ್ನ ಜನ, ಅಪ್ಪನ ದನಿ, ಟಿವಿಯ ಕಿರುಚಾಟ,
ಪಾಲಾಕ್ಷಿಯ ಆ ನಗೆ. ಎಷ್ಟು ಕಳೆಯಲಿ?
ಎಲ್ಲ ಕಳೆದರೆ ಒಳಗೆ ಏನಾದರೂ ಇದೆಯೋ ಇಲ್ಲವೋ.
ಇದ್ದರೆ ಒಂದು ಹಿಡಿ.
ಅದಕ್ಕಿಂತ ಹೆಚ್ಚು ನನ್ನದು ಅನ್ನಲಾರೆ.

ಬುಧವಾರ ಉರ್ದು ಶಾಲೆಯಲ್ಲಿ ಹೆಂಗಸರ ಸಾಲು ಬೇಗ ಸಾಗಿತು.
ಕೊಟ್ರಮ್ಮ ಬೆರಳಿನ ಶಾಯಿ ಊದುತ್ತಾ ಹೊರಗೆ ಬಂದಳು,
ನನ್ನನ್ನು ಕಂಡೂ ಕಾಣದ ಹಾಗೆ
ನೀರಿನ ಡ್ರಮ್ಮಿನ ಕಡೆ ನಡೆದಳು.
ನಾನು ರಟ್ಟಿನ ಮರೆಗೆ ಹೋದೆ. ಹದಿನಾಲ್ಕು ಹೆಸರು,
ಕೊನೆಗೊಂದು ಯಾರೂ ಬೇಡ ಅನ್ನುವ ಗುಂಡಿ.
ಬೆರಳು ಎತ್ತಿದೆ. ನಡುಗುತ್ತಿತ್ತು.
"ಲಗೂ ಒತ್ರಿ ಯಜಮಾನ್ರೆ," ಎಂದರು ಮೇಜಿನವರು,
"ಹಿಂದೆ ಜನ ಅದಾರೆ."

ಸ್ವಲ್ಪ ತಡೀರಿ, ಎಂದೆ.
ಮುಳ್ಳು ಇನ್ನೂ ನಿಂತಿಲ್ಲ.